ಮೊದಲು ಟೈರು, ಆಮೇಲೆ ಸ್ಪ್ರಿಂಗು

1989ರಲ್ಲಿ ಮಾಜ್ಡಾ ಹೊರತಂದ ಮಿಯಾಟಾ ಪುಟ್ಟ ಕಾರು. ಆದರೂ ನಾಲ್ಕು ಚಕ್ರಕ್ಕೂ ಡಬಲ್ ವಿಶ್‌ಬೋನ್ ಸಸ್ಪೆನ್ಷನ್! ತಿರುವಿನಲ್ಲಿ ಕಾರು ವಾಲಿದಾಗಲೂ ಟೈರು ಆದಷ್ಟು ಅಗಲಕ್ಕೆ ನೆಲ ಹಿಡಿದಿರಲೆಂದು ಮಾಡಿದ ಜೋಡಣೆ ಅದು. ಇಂಥ ಕಾರನ್ನು ಟ್ರ್ಯಾಕಿಗೆ ಇಳಿಸುವ ಎಷ್ಟೋ ಜನ ಮೊದಲು, ಸ್ಪ್ರಿಂಗು-ಡ್ಯಾಂಪರ್ ಒಂದಾಗಿರುವ ದುಬಾರಿ ಕಾಯಿಲ್‌ಓವರ್‌ಗೆ ಕೈಹಾಕುತ್ತಾರೆ. ನನಗದು ಒಪ್ಪಿಗೆಯಿಲ್ಲ. ನೆಲ ಮುಟ್ಟುವುದು ಟೈರು ತಾನೆ, ಅದೂ ಅಂಗೈಯಗಲ! ಟ್ರ್ಯಾಕಿನಿಂದ ಬಂದ ಕೂಡಲೇ ಟೈರಿನ ಮೈ ನೋಡಿ. ಹೊರ ಅಂಚಷ್ಟೇ ಸವೆದು ರಬ್ಬರು ಹರಿದಂತಿದ್ದರೆ ಸಾಮಾನ್ಯವಾಗಿ ನೆಗೆಟಿವ್ ಕ್ಯಾಂಬರ್, ಅಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು, ಸಾಲದು. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಬಿಸಿಗೆ ಒತ್ತಡ ಏರುವುದರಿಂದ, ತಣ್ಣಗಿದ್ದಾಗ ಕಡಿಮೆಯೇ ತುಂಬಿಸಬೇಕು. ಇನ್ನು ಸ್ಪ್ರಿಂಗಿನ ಮಾತು: ಗಟ್ಟಿ ಸ್ಪ್ರಿಂಗಿಗೆ ತಕ್ಕ ಡ್ಯಾಂಪರ್ ಇಲ್ಲದಿದ್ದರೆ ಉಬ್ಬು ಸಿಕ್ಕಲ್ಲೆಲ್ಲ ಕಾರು ಕುಣಿಯುತ್ತದೆ. ಒಳ್ಳೆಯ ಟೈರು ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿ. ಮೊದಲ ವರ್ಷಕ್ಕೆ ಅಷ್ಟು ಸಾಕು.