ನೀರು ಕುದಿಸಿ ರೊಟ್ಟಿ ಒಲೆ ಅಳೆದರೆ

ಹಿಪ್ಪರಗಿ ಬ್ಯಾರೇಜಿನ ಸುತ್ತಲಿನ ಊರುಗಳಲ್ಲಿ ಗ್ಯಾಸ್ ಬಂದ ಮೇಲೂ ಜೋಳದ ರೊಟ್ಟಿಗೆಂದೇ ಕಟ್ಟಿಗೆ ಒಲೆ ಉಳಿಸಿಕೊಂಡ ಮನೆಗಳಿವೆ. ಹತ್ತಿಕಟ್ಟಿಗೆ, ಜಾಲಿ, ಕುಳ್ಳು, ಆಯಾ ಕಾಲಕ್ಕೆ ಸಿಕ್ಕಿದ್ದೇ ಉರುವಲು. ಇಂಥ ಒಲೆ ಎಷ್ಟು ಕಟ್ಟಿಗೆ ತಿನ್ನುತ್ತದೆಂದು ನೋಡಲು ತಜ್ಞರು ರೊಟ್ಟಿ ಬಡಿಯುವುದಿಲ್ಲ, ನೀರು ಕುದಿಸುತ್ತಾರೆ. ನನ್ನ ತಕರಾರು ಇರುವುದು ಅಲ್ಲಿಯೇ.

ನೀರು ಕುದಿಸುವ ಪರೀಕ್ಷೆಯ ಲೆಕ್ಕ ಸರಳ. 5 ಲೀಟರ್ ನೀರನ್ನು 25 ಡಿಗ್ರಿಯಿಂದ 100ಕ್ಕೆ ಏರಿಸಲು ಸುಮಾರು 1,570 ಕಿಲೋಜೌಲ್ ಬೇಕು. ಒಣಗಿದ ಕಟ್ಟಿಗೆಯ ಒಂದು ಕಿಲೋದಲ್ಲಿ ಹತ್ತಿರಹತ್ತಿರ 15,000 ಇರುತ್ತದೆ. ಅಷ್ಟೂ ಉರಿದು ನೀರು ಕುದಿ ಬಂದರೆ ದಕ್ಷತೆ ಶೇ 10ರ ಚಿಲ್ಲರೆ. ಆದರೆ ಅದೇ ಉರಿಗೆ ಅರ್ಧ ಕಿಲೋ ನೀರು ಆವಿಯಾಗಿ ಹೋಯಿತೆನ್ನಿ, ಇನ್ನೂ 1,130 ಕಿಲೋಜೌಲ್ ಜಮೆಯಾಗಿ ಅಂಕ ಶೇ 18ಕ್ಕೆ ಜಿಗಿಯುತ್ತದೆ. ಅಡುಗೆಯವಳಿಗೆ ಆವಿ ಎಂದರೆ ನಷ್ಟ, ಪರೀಕ್ಷಕನಿಗೆ ಅದೇ ಗಳಿಕೆ!

ಭಾರತೀಯ ಮಾನಕ ಬ್ಯೂರೊದ ಐಎಸ್ 13152 ಈ ತೂತನ್ನು ಜಾಣತನದಿಂದ ಮುಚ್ಚಿದೆ. ನೀರು 95 ಡಿಗ್ರಿ ತಲುಪಿದೊಡನೆ ಪಾತ್ರೆ ಇಳಿಸಿ ಇನ್ನೊಂದನ್ನು ಇಡಬೇಕು. 2013ರ ಪರಿಷ್ಕರಣೆಯ ಪ್ರಕಾರ ಫ್ಯಾನಿಲ್ಲದ ಒಲೆಗೆ ಕನಿಷ್ಠ ಶೇ 25 ಬರಲೇಬೇಕು. ಆದರೂ ಒಲೆಯ ಮೇಲಿರುವುದು ಪಾತ್ರೆಯೇ, ಹಂಚಲ್ಲ. ಕಟ್ಟಿಗೆಯೂ ಒಂದೇ ಅಳತೆಗೆ ಕಡಿದು ಒಣಗಿಸಿದ್ದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರದಿಂದ ಬಂದ ಅಸ್ತ್ರ ಒಲೆ ನಮ್ಮ ನಾಡಿನ ದೊಡ್ಡ ಪ್ರಯತ್ನ: ಮೂರು ಪಾತ್ರೆ, ಮುಚ್ಚಿದ ಗೂಡು, ಹೊಗೆಕೊಳವೆ. ಪ್ರಯೋಗಾಲಯದಲ್ಲಿ ಅದು ಶೇ 40 ದಾಟಿತ್ತು. ಹಳೆಯ ಒಲೆಗಳ ಮೂರುಪಟ್ಟು. ಹೊಗೆಯನ್ನು ಮನೆಯಾಚೆ ಕಳಿಸಿದ್ದಕ್ಕೇ ಅದಕ್ಕೆ ಕೈಮುಗಿಯಬೇಕು. ಆದರೆ ಅದರ ಪ್ರಯೋಗದ ಹಳ್ಳಿ ತುಮಕೂರು ಕಡೆಯ ಉಂಗ್ರ. ಮುದ್ದೆಗೆ ಎಸರಿಡುವ ಸೀಮೆಯಲ್ಲಿ ನೀರಿನ ಪರೀಕ್ಷೆ ಅಡುಗೆಗೆ ಹತ್ತಿರವೇ. ರೊಟ್ಟಿ ಬಡಿಯುವ ನಮ್ಮ ಜಮಖಂಡಿ, ಮುಧೋಳದ ಕಡೆ ಹಾಗಲ್ಲ. ಮೇಲಾಗಿ, ಉದ್ದನೆಯ ಹತ್ತಿಕಟ್ಟಿಗೆಯನ್ನು ಮುಚ್ಚಿದ ಗೂಡಿಗೆ ತುಂಡು ಮಾಡಿ ಹಾಕುವ ಕೆಲಸವನ್ನು ಯಾವ ಶೇಕಡಾವಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ರೊಟ್ಟಿಯ ಕೆಲಸವೇ ಬೇರೆ. ಬಡಿದ ರೊಟ್ಟಿ ಹಂಚಿಗೆ ಬೀಳುತ್ತದೆ, ಒದ್ದೆ ಅರಿವೆಯಿಂದ ನೀರು ಸವರಿ ಮಗುಚುತ್ತಾರೆ, ಆಮೇಲೆ ಒಲೆಬಾಯಿಯ ಕೆಂಡಕ್ಕೆ ಆನಿಸಿ ನಿಲ್ಲಿಸುತ್ತಾರೆ. ಅಲ್ಲಿ ಅದು ಉಬ್ಬಿ ಖಡಕ್ಕಾಗುತ್ತದೆ. ಹಂಚಿನ ನಡುವೆ ಮಾತ್ರ ಉರಿ ತಾಗಿದರೆ ರೊಟ್ಟಿ ಅಲ್ಲಿ ಕರಕಲು, ಅಂಚಿನಲ್ಲಿ ಹಸಿ. ಒಲೆಬಾಯಿಂದ ಹೊರಗೆ ಹೊಮ್ಮುವ ಕಾವನ್ನು ಪರೀಕ್ಷೆ ‘ಸೋರಿಕೆ’ ಎನ್ನುತ್ತದೆ. ರೊಟ್ಟಿ ಬೇಯುವ ಅರ್ಧ ಕೆಲಸ ಆ ಸೋರಿಕೆಯದೇ.

ನಿಜವಾದ ಅಡುಗೆ ಮಾಡಿಸಿಯೇ ಉರುವಲು ತೂಗುವ ಪರೀಕ್ಷೆಗಳೂ ಇವೆ. ಅಡುಗೆಯವರು ಬದಲಾದರೆ ಫಲಿತಾಂಶ ಬದಲಾಗುತ್ತದೆಂಬುದು ಅವುಗಳ ಮೇಲಿನ ದೂರು. ಬದಲಾಗಲಿ ಬಿಡಿ, ಮನೆಯಲ್ಲೂ ಬದಲಾಗುತ್ತದಲ್ಲ! ಒಂದು ಕಿಲೋ ಜೋಳದ ಹಿಟ್ಟಿಗೆ ಎಷ್ಟು ಕಿಲೋ ಕಟ್ಟಿಗೆ ಎಂಬ ಅಂಕಿಯನ್ನು, ಒಂದೇ ಕೈ ಹಳೆಯದು, ಹೊಸದು ಎರಡೂ ಒಲೆಗಳಲ್ಲಿ ಬಡಿದು ತೆಗೆದರೆ, ಅದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಶೇ 25ಕ್ಕಿಂತ ಬೇಗ ತಿಳಿಯುತ್ತದೆ. ಉಳಿದ ಕೆಂಡವನ್ನು ತೂಗಿ ಕಟ್ಟಿಗೆಯ ಲೆಕ್ಕದಿಂದ ಕಳೆಯುವುದು ಮಾತ್ರ ಕೊನೆಯ ರೊಟ್ಟಿ ಒಲೆಬಾಯಿಂದ ಎದ್ದ ಮೇಲೆಯೇ ಆಗಬೇಕು.