ಲಚ್ಚನ ಕಡಲು, ರಾಮನ ಕಡಲು

ಕಳೆದ ಮೇ ತಿಂಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೂರು ವರ್ಷದ ಮಗನನ್ನೆತ್ತಿಕೊಂಡು ಮನೆಗೆ ಬಂದಳು. ಕೈಯಲ್ಲೊಂದು ಬಣ್ಣದ ಕಾಗದ. ಮಕ್ಕಳು ಮರದ ನೆರಳಲ್ಲಿ, ಮಣ್ಣು ನೀರುಗಳ ನಡುವೆ, ತಮಗೆ ಬೇಕಾದುದನ್ನು ತಾವೇ ಆರಿಸಿ ಕಲಿಯುವ ಹೊಸ ಶಿಶುವಿಹಾರವಂತೆ. "ಟೀಚರೇ, ಹೊಯ್ಗೆಯಲ್ಲಿ ಆಡುಕೆ ಇಷ್ಟ್ ದುಡ್ಡ್ ಕೊಡ್ಕಾ? ನಾವೆಲ್ಲ ಪುಕ್ಕಟೆ ಆಡಿದ್ದಲ್ದಾ?" ಎಂದು ನಕ್ಕಳು. ನನಗೆ ಮಾತ್ರ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ನೆನಪಾಯಿತು. ಆ ರಾತ್ರಿಯೇ ಕಪಾಟಿನಿಂದ ತೆಗೆದೆ.

ಬಿ.ಎ. ಓದುವಾಗ ಅದನ್ನು ಕಥೆಗಾಗಿ ಓದಿದ್ದೆ. ಮೂವತ್ತು ವರ್ಷ ಪಾಠ ಮಾಡಿದ ಮೇಲೆ ಓದಿದರೆ ಅದು ಮಕ್ಕಳನ್ನು ಬೆಳೆಸುವ ಬಗೆಯ ಪುಸ್ತಕವಾಗಿಯೂ ಕಾಣಿಸುತ್ತದೆ. ಕಥೆ ನಡೆಯುವುದು ಈಗ ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದ ಪಕ್ಕದ ಕೋಡಿಯಲ್ಲಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ರಾಮ ಐತಾಳರು ಮಗ ಲಚ್ಚನನ್ನು ಇಂಗ್ಲಿಷ್ ಕಲಿಯಲು ಕುಂದಾಪುರಕ್ಕೆ ಕಳಿಸುತ್ತಾರೆ. ಅವನು ದಾರಿ ತಪ್ಪುತ್ತಾನೆ, ಆಸ್ತಿಯೂ ಕರಗುತ್ತದೆ. ಅವನ ಮಗ, ಅಜ್ಜನ ಹೆಸರಿನ ರಾಮ, ಮದರಾಸಿನವರೆಗೆ ಹೋಗಿ ಓದಿ, ಮುಂಬಯಿಯನ್ನೂ ಕಂಡು, ಕೊನೆಗೆ ಊರಿನ ಮಣ್ಣಿಗೆ ಮರಳುತ್ತಾನೆ.

ಲಚ್ಚನನ್ನು ಕೆಡಿಸಿದ್ದು ಇಂಗ್ಲಿಷ್ ಶಾಲೆ ಎಂದು ಹೇಳುವವರಿದ್ದಾರೆ. ನಾನೂ ಒಮ್ಮೆ ಹಾಗೆಯೇ ಹೇಳಿದ್ದೆ. ಆದರೆ ರಾಮ ಕಲಿತದ್ದೂ ಇಂಗ್ಲಿಷನ್ನೇ ಅಲ್ಲವೇ? ಹಾಗಾದರೆ ಪ್ರಕೃತಿಯ ಮಡಿಲು ರಾಮನನ್ನು ಕಾಯಿತು ಎನ್ನೋಣವೇ? ಅದೂ ನಿಲ್ಲುವುದಿಲ್ಲ. ಲಚ್ಚ ಹುಟ್ಟಿದ್ದೂ ಅದೇ ಕಡಲ ಬದಿಯಲ್ಲಿ. ಅದೇ ಹೊಯ್ಗೆ, ಅದೇ ಗಾಳಿ.

ವ್ಯತ್ಯಾಸ ಮನೆಯೊಳಗಿದೆ. ಮಕ್ಕಳಿಲ್ಲವೆಂದು ಎರಡನೆಯ ಮದುವೆಯಾಗಿ ಪಡೆದ ಗಂಡು ಮಗು ಲಚ್ಚ. ಇಬ್ಬರು ತಾಯಂದಿರ ಮುದ್ದು ಅವನಿಗೆ. ಪಾರ್ವತಿ, ಸರಸ್ವತಿಯರು ಬೆವರು ಸುರಿಸಿ ದುಡಿದದ್ದನ್ನು ಅವನು ಉಂಡ. ಅದರಲ್ಲಿ ಕೈ ಹಾಕಲಿಲ್ಲ. ರಾಮನಾದರೋ ತಾಯಿ ನಾಗವೇಣಿಯ ಬಡತನವನ್ನೂ ದುಡಿಮೆಯನ್ನೂ ಕಣ್ಣಾರೆ ಕಂಡು ಬೆಳೆದ. ಕಡಲು ಎಲ್ಲರ ಮುಂದೆಯೂ ಇರುತ್ತದೆ. ಅದನ್ನು ತನ್ನದು ಎಂದುಕೊಳ್ಳಲು ಜೊತೆಯಲ್ಲೊಬ್ಬರು ಬೇಕು, ಕೈಗೊಂದು ಕೆಲಸ ಬೇಕು. ನಾನು ಕಾದಂಬರಿಯಿಂದ ಪಡೆದದ್ದು ಇದನ್ನು.

ಕಾರಂತರು ಇದನ್ನು ಬರಿದೇ ಬರೆದವರಲ್ಲ. 1930ರ ದಶಕದಲ್ಲಿ ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಆಟ, ಹಾಡು, ನಾಟಕಗಳ ಮೂಲಕ ಕಲಿಸುವ ಪ್ರಯೋಗ ನಡೆಸಿದರು. 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ ತಂದರು. ಅದಕ್ಕೂ ಮೊದಲೇ, 1920ರಲ್ಲಿ, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಬಾಲಮಂದಿರ ತೆರೆದಿದ್ದರು. ಮಗುವನ್ನು ಹಿಂಬಾಲಿಸುವ ಶಿಕ್ಷಣ ನಮಗೆ ನಿನ್ನೆ ಮೊನ್ನೆ ಹಡಗಿನಲ್ಲಿ ಬಂದ ಸರಕಲ್ಲ.

ಆದರೂ ಒಂದು ಆಕ್ಷೇಪವಿದೆ. ಕಾದಂಬರಿ ಮುಗಿಯುವಾಗ ಮಣ್ಣಿಗೆ ಮರಳಿದ ರಾಮನನ್ನು ನಾವು ಮೆಚ್ಚುತ್ತೇವೆ. ಮಣ್ಣನ್ನು ಬಿಟ್ಟು ಹೋಗಲು ದಾರಿಯೇ ಇಲ್ಲದಿದ್ದ ಹೆಂಗಸರನ್ನು ಮಾತ್ರ ಮರೆಯುತ್ತೇವೆ. ಮೂರು ತಲೆಮಾರು ಮಕ್ಕಳನ್ನು ನೋಡಿಕೊಂಡವರು ಅವರು. ಕಾರಂತರು ಅವರನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದಾರೆ ನಿಜ. ಆದರೆ ಸಹನೆಯನ್ನು ಅವರ ಹುಟ್ಟುಗುಣ ಎಂಬಂತೆ ತೋರಿಸಿದರೇನೋ ಎಂಬ ಅನುಮಾನ ನನಗೆ ಹೋಗಿಲ್ಲ. ಮಗು ತನ್ನಿಷ್ಟದಂತೆ ಕಲಿಯಲಿ ಎನ್ನುವಾಗ, ಹೊಳೆ ಬದಿಯಲ್ಲಿ ಕಣ್ಣಿಟ್ಟು ಕೂರುವವರು ಯಾರು? ಮನೆಯಲ್ಲಿ ತಾಯಿ, ಊರಿನಲ್ಲಿ ಅಂಗನವಾಡಿಯ ಕಾರ್ಯಕರ್ತೆ. 1975ರಲ್ಲಿ ಶುರುವಾದ ಆ ಯೋಜನೆಯನ್ನು ಇಂದಿಗೂ ಹೊತ್ತಿರುವವರು ಕಡಿಮೆ ಗೌರವಧನದ ಹೆಂಗಸರೇ.

ನನ್ನದೂ ಒಂದು ತಪ್ಪಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೈಂದೂರು ಕಡೆಯ ಶಾಲೆಯೊಂದರಲ್ಲಿ ಒಂದನೇ ತರಗತಿ ನನ್ನದು. ಮೀನುಗಾರರ ಮನೆಯ ಹುಡುಗಿಯೊಬ್ಬಳು ಬೆಂಕಿಪೆಟ್ಟಿಗೆಯಲ್ಲಿ ಪುಟ್ಟ ಏಡಿ ತಂದಿದ್ದಳು. "ಟೀಚರ್, ಇದ್ ಅಡ್ಡ ಎಂತಕ್ಕೆ ನಡಿತ್ತ್?" ಎಂದು ಕೇಳಿದಳು. ಅದನ್ನು ಹೊರಗೆ ಬಿಟ್ಟು ಬಂದು ‘ಅ’ ತಿದ್ದಲು ಹೇಳಿದೆ. ತಿದ್ದಿದಳು. ಮತ್ತೆ ಆ ವರ್ಷವಿಡೀ ನನ್ನಲ್ಲಿ ಏನನ್ನೂ ಕೇಳಲಿಲ್ಲ. ನಲವತ್ತು ಮಕ್ಕಳಿದ್ದರು, ಪಾಠ ಮುಗಿಸಬೇಕಿತ್ತು ಎಂದು ಸಮಾಧಾನ ಹೇಳಿಕೊಂಡಿದ್ದೇನೆ. ಅದು ಸಾಲುವುದಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆ ಆಟದಲ್ಲಿ ನಡೆಯಬೇಕೆನ್ನುತ್ತದೆ. ಒಳ್ಳೆಯ ಮಾತು. ಆದರೆ ಏಡಿ ತಂದ ಮಗುವಿನ ಪಕ್ಕ ಕುಳಿತುಕೊಳ್ಳಲು ಟೀಚರಿಗೆ ಪುರುಸೊತ್ತು ಕೊಡದಿದ್ದರೆ ಅದು ಕಾಗದದಲ್ಲಿಯೇ ಉಳಿಯುತ್ತದೆ.

ಮರುದಿನ ಆ ಹುಡುಗಿಗೆ ಫೋನ್ ಮಾಡಿದೆ. "ಶಾಲೆ ಯಾವುದಾದರೂ ಸರಿ ಮಾರಾಯ್ತಿ. ಅಲ್ಲಿ ಎಷ್ಟು ಮರ ಇದೆ ಅಂತ ಕೇಳಬೇಡ. ಒಬ್ಬ ಟೀಚರಿಗೆ ಎಷ್ಟು ಮಕ್ಕಳು, ಮಗು ಪ್ರಶ್ನೆ ಕೇಳಿದರೆ ಅವರು ಏನು ಮಾಡುತ್ತಾರೆ ಅಂತ ನೋಡು. ಮನೆಯಲ್ಲಿ ನೀನು ಬಸಳೆ ಬುಡಕ್ಕೆ ನೀರು ಹಾಕುವಾಗ ಅವನ ಕೈಗೂ ಒಂದು ಚೆಂಬು ಕೊಡು. ಅವನ ಅಪ್ಪನ ಕೈಗೂ ಒಂದು ಕೊಡು" ಎಂದೆ.

ಅವಳು ನಕ್ಕಳು. ಈ ಸಲ ನಾನೂ ನಕ್ಕೆ.