ಓರೆಯಾದ ದಪ್ಪಕ್ಷರ

ಗುಲ್ವಾಡಿ ಎಂದೊಡನೆ ಓದುಗರಿಗೆ ನೆನಪಾಗುವುದು ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಈ ಕೃತಿಯನ್ನು ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನ್ನುತ್ತಾರೆ. ವಿಧವೆಯ ಮರುಮದುವೆ ಅಂದಿನ ಸಮಾಜಕ್ಕೆ ಕೆಂಡದಂಥ ವಿಷಯ. ಅದನ್ನು ಎದೆಗೆ ಮುಟ್ಟಿಸಿದ್ದು ಕತೆಯೇ ಹೊರತು ಅಕ್ಷರದ ಗಾತ್ರವಲ್ಲ. ಇಂದು ಅದೇ ಕುಂದಾಪುರ ಸೀಮೆಯ ಬಸ್ಸು, ಗೋಡೆ, ಬ್ಯಾನರುಗಳತ್ತ ಕಣ್ಣು ಹಾಯಿಸಿದರೆ ಬಲಕ್ಕೆ ವಾಲಿದ ದಪ್ಪ ಅಕ್ಷರಗಳು ಎದುರಾಗುತ್ತವೆ.

ಈ ಅಕ್ಷರದ ವಂಶ ನಮ್ಮದಲ್ಲ. ವಾಲಿದ ಅಕ್ಷರ ಇಟಲಿಯದು. ವೆನಿಸ್ಸಿನ ಆಲ್ಡಸ್ ಮನುಟಿಯಸ್ ಕೈಬರಹವನ್ನು ಅನುಸರಿಸಿದ ಈ ಅಚ್ಚಿನಲ್ಲಿ 1501ರಲ್ಲಿ ಇಡೀ ಪುಸ್ತಕವನ್ನೇ ಮುದ್ರಿಸಿದ. ಇಟ್ಟಿಗೆಯಂಥ ಪಾದಗಳುಳ್ಳ ದಪ್ಪಕ್ಷರ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನದು. ಭಿತ್ತಿಪತ್ರಗಳು ದೂರದಿಂದ ಕಣ್ಣಿಗೆ ಬೀಳಲೆಂದು ಬಳಕೆಗೆ ಬಂದದ್ದು. 1845ರ ‘ಕ್ಲಾರೆಂಡನ್’ ಈ ಕುಲದಲ್ಲಿ ಹೆಸರಾಂತದ್ದು. ಇವೆರಡೂ ಕೂಡಿದರೆ ಭಾರ ಹೊತ್ತು ಓಡುವ ಅಕ್ಷರ: ಸದ್ದೂ ಇದೆ, ಅವಸರವೂ ಇದೆ.

ಕನ್ನಡದ ಅಕ್ಷರಕ್ಕೆ ಇಂಥ ಪಾದವಿಲ್ಲ, ತಲೆಕಟ್ಟಿದೆ. ದುಂಡಗೆ, ನೆಟ್ಟಗೆ ಕೂರುವುದು ಅದರ ಜಾಯಮಾನ. ಕಂಪ್ಯೂಟರ್ ಬಂದ ಮೇಲೆ ಒಂದು ಗುಂಡಿ ಒತ್ತಿ ಅದನ್ನು ವಾಲಿಸುವುದು ಸುಲಭವಾಯಿತು. ಹಾಗೆ ವಾಲಿದ್ದು ಬರೆದ ಅಕ್ಷರವಲ್ಲ, ತಳ್ಳಿದ ಅಕ್ಷರ. ದಪ್ಪ ಹೆಚ್ಚಿದಷ್ಟೂ ಒಳಗಿನ ಬಯಲು ಮುಚ್ಚಿ ‘ಪ’, ‘ವ’, ‘ಷ’ಗಳ ಮುಖ ಒಂದೇ ಆಗುತ್ತದೆ. ಒತ್ತಕ್ಷರ ಎಡಕ್ಕೆ ಜಾರುತ್ತದೆ.

ಉರ್ದು ಕಲಿತವರಿಗೆ ಓರೆ ಹೊಸತಲ್ಲ. ನಸ್ತಾಲೀಖ್ ಲಿಪಿಯಲ್ಲಿ ಪದಗಳು ಬಲದ ಮೇಲಿಂದ ಎಡದ ಕೆಳಕ್ಕೆ ಇಳಿಯುತ್ತವೆ. ಆ ಓರೆ ಕೈಬರಹದ ಸಹಜ ನಡೆ. ಶೀರ್ಷಿಕೆಗೆ ಒತ್ತು ಬೇಕೆನಿಸಿದರೆ ಕಾತಿಬ ಅಗಲ ಮೊನೆಯ ಕಲಮು ಹಿಡಿದು ‘ಜಲೀ’ಯಲ್ಲಿ ಬರೆಯುತ್ತಾನೆ, ಅಕ್ಷರವನ್ನು ಇನ್ನಷ್ಟು ವಾಲಿಸುವುದಿಲ್ಲ.

ಹಾಗೆಂದು ಓರೆಯಾದ ದಪ್ಪಕ್ಷರಕ್ಕೆ ಜಾಗವೇ ಇಲ್ಲವೆಂದಲ್ಲ. ಎಕ್ಸ್‌ಪ್ರೆಸ್ ಬಸ್ಸಿನ ಹಣೆಯ ಮೇಲೆ, ಕ್ರಿಕೆಟ್ ಪಂದ್ಯಾಟದ ಬ್ಯಾನರಿನಲ್ಲಿ ಅದು ಚೆಂದವೇ. ಅಲ್ಲಿರುವುದು ಒಂದೆರಡು ಪದ, ಓದಲು ಸಿಗುವುದು ಒಂದು ಕ್ಷಣ.

ಅದು ಪತ್ರಿಕೆಯ ಮುಖಪುಟಕ್ಕೆ ಬಂದಾಗ ಮಾತ್ರ ನನಗೆ ಅಳುಕು. ಯಾರನ್ನೋ ವಿಚಾರಣೆಗೆ ಕರೆದೊಯ್ದ ಸುದ್ದಿ. ಆತನ ಹೆಸರು, ಊರು ಓರೆಯಾದ ದಪ್ಪಕ್ಷರದಲ್ಲಿ. ‘ಶಂಕೆ’ ಎಂಬ ಪದ ಅದರಡಿಯಲ್ಲಿ ಸಣ್ಣದಾಗಿ. ವಾಕ್ಯದಲ್ಲಿ ಸುಳ್ಳಿಲ್ಲ, ಅಕ್ಷರದಲ್ಲಿದೆ. ನ್ಯಾಯಾಲಯಕ್ಕಿಂತ ಮೊದಲೇ ಓದುಗ ತೀರ್ಪು ಓದಿರುತ್ತಾನೆ. ವರ್ಷಗಳ ಬಳಿಕ ಆತ ನಿರಪರಾಧಿಯೆಂದು ಬಿಡುಗಡೆಯಾದರೆ, ಆ ಸುದ್ದಿ ಒಳಪುಟದ ಮೂಲೆಯಲ್ಲಿ ಸಣ್ಣಗೆ, ಸಭ್ಯವಾಗಿ ನಿಂತಿರುತ್ತದೆ.

ಇದು ಮುಸ್ಲಿಮರ ಅಳಲು ಮಾತ್ರವಲ್ಲ; ನಾಳೆ ಯಾರ ಹೆಸರೂ ಅಲ್ಲಿ ಬರಬಹುದು. ಸಿಟ್ಟು ಬಂದಾಗ ನಮ್ಮವರ ಕರಪತ್ರಗಳೂ ಇದೇ ಅಕ್ಷರಕ್ಕೆ ಕೈಚಾಚುತ್ತವೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ನ್ಯಾಯ ಕೇಳುವವರು ಅಕ್ಷರದಲ್ಲೂ ನ್ಯಾಯ ಪಾಲಿಸಬೇಡವೇ? ಹೆಸರಿಗೆ ಕೊಟ್ಟಷ್ಟೇ ಗಾತ್ರವನ್ನು ‘ಶಂಕೆ’ಗೂ ಕೊಡೋಣ, ಬಿಡುಗಡೆಗೂ ಕೊಡೋಣ.